ಪ್ರಶ್ನೆ ಚಿಹ್ನೆಗಳ ಪಟ್ಟಿ

ನಮ್ಮ ಕಚೇರಿಯಲ್ಲಿ ಸತ್ತವರ ಹೆಸರುಗಳನ್ನು ಕಂಪ್ಯೂಟರಿಗೆ ಏರಿಸುತ್ತಿದ್ದ ಆಪರೇಟರು ಯಾವ ಕೆಲಸಕ್ಕೂ ಮುಂಚೆ ಕರವಸ್ತ್ರದಿಂದ ಕೀಬೋರ್ಡ್ ಒರೆಸಿ, “ಒಂದ್ಸಲ ನೋಡ್ಬಿಡಾಣ ಕಣ್ರೀ” ಅನ್ನುತ್ತಿದ್ದರು. ಹೊಸ ಡೇಟಾಬೇಸ್ ಮಾಡಿದಾಗಲೂ ತಮ್ಮದೇ ಹೆಸರನ್ನು ಇಂಗ್ಲಿಷಿನಲ್ಲಿ ಹಾಕಿ ನೋಡಿದ್ದರು, ಸರಿಯಾಗಿ ಕೂತಿತ್ತು. ಆದರೆ ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಕೂಡಿಡಲು ಅವರು ಆರಿಸಿದ್ದ ಎನ್‌ಕೋಡಿಂಗ್ ಇಂಗ್ಲಿಷ್ ಅಕ್ಷರಗಳನ್ನಷ್ಟೇ ಹಿಡಿಯುವಂಥದ್ದು. ಹಳೆಯ ಕಂಪ್ಯೂಟರಿನಿಂದ ಬಂದ ಕನ್ನಡದ ಹೆಸರುಗಳೆಲ್ಲ ಬರೀ ಪ್ರಶ್ನೆ ಚಿಹ್ನೆಗಳಾದವು. ಅದು ಗೊತ್ತಾಗುವ ಹೊತ್ತಿಗೆ ಹಳೆಯದು ಗುಜರಿ ಸೇರಿತ್ತು.

ಹಗರೆ ಊರಿನಿಂದ ಅಜ್ಜಿಯೊಬ್ಬಳು ಗಂಡನ ಮರಣಪತ್ರಕ್ಕೆ ಬಂದಳು. ಆಪರೇಟರು ಗಂಡನ ಹೆಸರು ಕೇಳಿದರು.

“ನಮ್ ಯಜಮಾನ್ರ ಹೆಸ್ರು ನಾನ್ ಹೇಳಾಕಿಲ್ಲ ಸಾಮಿ. ಅದ್ರಲ್ಲಿ ಐತಲ್ಲ, ನೀವೇ ಓದಿ.”

ಅವರು ಕರವಸ್ತ್ರ ತೆಗೆದು ಕೀಬೋರ್ಡ್ ಒರೆಸತೊಡಗಿದರು. ಬಹಳ ಹೊತ್ತು ಒರೆಸಿದರು. ಸತ್ತವರ ಆ ಪಟ್ಟಿಯಲ್ಲಿ ಓದಲು ಬರುತ್ತಿದ್ದದ್ದು ಅಂದು ಹಾಕಿ ನೋಡಿ ಅಳಿಸದೇ ಬಿಟ್ಟಿದ್ದ ಆಪರೇಟರದೊಂದೇ ಹೆಸರು.