ಅವಳ ಬಸ್ಸು, ಇನ್ನೊಬ್ಬಳ ಕೈಯಲ್ಲಿ

ಡಿಪೋದಲ್ಲಿ ಎಲ್ಲರೂ ಅವಳನ್ನು ಬ್ರೇಕಮ್ಮ ಎಂದೇ ಕರೆಯುತ್ತಿದ್ದರು. ಅವಳು ಬಸ್ಸು ನಿಲ್ಲಿಸಿದರೆ ನಿಂತ ಪ್ರಯಾಣಿಕರು ಕಂಬಿ ಹಿಡಿಯಬೇಕಾಗಿರಲಿಲ್ಲ, ಅಷ್ಟು ನಯ. ಆ ಬಸ್ಸಿನ ಕಂಡಕ್ಟರು ಅವಳ ಗಂಡನ ತಂಗಿ. ಹಗಲೆಲ್ಲ ಒಂದೇ ಬಸ್ಸು, ಸಂಜೆ ಡಿಪೋದ ಹಿಂದಿನ ಅಂಗಳದಲ್ಲಿ ಶಟಲ್ ಬ್ಯಾಡ್ಮಿಂಟನ್, ಆಮೇಲೆ ಒಂದೇ ಮನೆ. ಅತ್ತಿಗೆ ಹಿಂದೆ ನಿಂತು ಬಾರಿಸುವಳು, ನಾದಿನಿ ಬಲೆಯ ಹತ್ತಿರ ಚುರುಕಾಗಿ ತಟ್ಟುವಳು. ಈ ಜೋಡಿಯನ್ನು ಸೋಲಿಸಿದವರು ಕಡಿಮೆ.

ಒಂದು ಸಂಜೆ ಹಾರಿ ಹೊಡೆದು ಕೆಳಗೆ ಕಾಲೂರಿದಾಗ ಬ್ರೇಕಮ್ಮನ ಎಡಮಂಡಿ ಒಳಕ್ಕೆ ತಿರುಚಿತು. ಪಟ್ಟೆಂದ ಸದ್ದು ಬಲೆಯ ಆಚೆ ಇದ್ದವರಿಗೂ ಕೇಳಿಸಿತಂತೆ. ಲಿಗಮೆಂಟ್ ಹರಿದಿದೆ, ಆಪರೇಷನ್ ಆಗಲೇಬೇಕು ಎಂದರು ಡಾಕ್ಟರು. ಅದೂ ಆಯಿತು. "ಕ್ಲಚ್ ಒತ್ತೋ ಕಾಲಮ್ಮ ಇದು, ಅವಸರ ಮಾಡ್ಬೇಡಿ," ಎಂದು ಎಚ್ಚರಿಸಿ ಮನೆಗೆ ಕಳಿಸಿದರು.

ನೋವನ್ನು ಅವಳು ಹಲ್ಲು ಕಚ್ಚಿ ತಡೆದುಕೊಂಡಳು. ತಡೆಯಲಾಗದ್ದು ಬೇರೆಯೇ ಇತ್ತು. ಅವಳ ಬಸ್ಸನ್ನು ಹೊಸದಾಗಿ ಕೆಲಸಕ್ಕೆ ಸೇರಿದ ಎತ್ತರದ ಹುಡುಗಿಯೊಬ್ಬಳಿಗೆ ಕೊಟ್ಟಿದ್ದರು. ನಾದಿನಿ ದಿನಾ ಮನೆಗೆ ಬಂದು, ಚಪ್ಪಲಿ ಬಿಡುವ ಮೊದಲೇ ಆ ಹುಡುಗಿಯ ಪುರಾಣ ಬಿಚ್ಚುತ್ತಿದ್ದಳು.

"ಅತ್ತಿಗೆ, ಮಾರ್ಕೆಟ್ ತಿರುವಲ್ಲಿ ಇವತ್ತು ಲಾರಿ ಅಡ್ಡ ನಿಂತಿತ್ತು. ಹುಡುಗಿ ಹೇಗೆ ರಿವರ್ಸ್ ತಗೊಂಡ್ಲು ಅಂತೀರಿ! ಕೂತವರು ಚಪ್ಪಾಳೆ ಹೊಡೆದ್ರು."

"ಆ ತಿರುವಲ್ಲಿ ನಾನು ವರ್ಷಗಟ್ಟಲೆ ತಿರುಗಿಸಿದ್ದೀನಿ. ನಂಗ್ಯಾರೂ ಚಪ್ಪಾಳೆ ಹೊಡೀಲಿಲ್ಲ."

"ನಿಮ್ದು ಎಲ್ರಿಗೂ ಅಭ್ಯಾಸ ಆಗೋಗಿತ್ತು ಬಿಡಿ. ಅಂದ ಹಾಗೆ, ಸಂಜೆ ಆಟಕ್ಕೂ ಅವಳೇ ನನ್ನ ಜೊತೆ. ಕೈ ಎಷ್ಟುದ್ದ ಅಂತೀರಿ, ಹಿಂದೆ ಬಿದ್ದದ್ದೆಲ್ಲ ಅವಳದೇ."

ನಾದಿನಿ ಬಟ್ಟೆ ಬದಲಿಸಲು ಹೋದದ್ದೇ ತಡ, ಬ್ರೇಕಮ್ಮ ಹಿಮ್ಮಡಿಯಡಿ ಟವೆಲ್ ಇಟ್ಟುಕೊಂಡು ಮಂಡಿಯನ್ನು ಎಳೆದೆಳೆದು ಮಡಚತೊಡಗಿದಳು. ಕಣ್ಣಲ್ಲಿ ನೀರು ಬಂದರೂ ಬಿಡಲಿಲ್ಲ.

"ಸಾಕು ಕಣೇ, ಇಷ್ಟೊಂದು ಮಾಡಿ ಅಂತ ಫಿಸಿಯೋ ಹೇಳಿಲ್ಲ," ಎಂದ ಗಂಡ, ಐಸ್ ಚೀಲ ಹಿಡಿದು.

"ಫಿಸಿಯೋಗೆ ಏನು ಗೊತ್ತು ನನ್ನ ಸಂಕಟ!"

ಕೋಲೂರಿ ನಡೆಯುವಷ್ಟಾದ ಕೂಡಲೇ ಅವಳು ಮಾಡಿದ ಮೊದಲ ಕೆಲಸ, ಹೇಳದೆ ಕೇಳದೆ ತನ್ನ ಬಸ್ಸನ್ನೇ ಹತ್ತಿದ್ದು. ಮುಂದಿನ ಸೀಟಿನಲ್ಲಿ ಕುಳಿತು ಕಿವಿ ನಿಮಿರಿಸಿದಳು. ಗೇರು ಒಮ್ಮೆ ಕಿರುಗುಟ್ಟಲಿ, ಯಾರಾದರೂ ಒಬ್ಬರು ಮುಗ್ಗರಿಸಲಿ ಎಂದು ಕಾದಳು. ಬಸ್ಸು ಬೆಣ್ಣೆಯ ಮೇಲೆ ಜಾರಿದಂತೆ ಹೋಯಿತು. ಸೀಟನ್ನು ಹುಡುಗಿ ತನ್ನ ಕಾಲಳತೆಗೆ ಹಿಂದಕ್ಕೆ ತಳ್ಳಿಕೊಂಡಿದ್ದಳು, ಕನ್ನಡಿಯನ್ನೂ ಮೇಲಕ್ಕೆತ್ತಿದ್ದಳು. ಪಕ್ಕದಲ್ಲಿದ್ದ, ದಿನಾ ಇದೇ ಬಸ್ಸಿಗೆ ಬರುತ್ತಿದ್ದ ಅಜ್ಜಿ ಬ್ರೇಕಮ್ಮನನ್ನು ದಿಟ್ಟಿಸಿ, "ನಿಮ್ಮನ್ನ ಎಲ್ಲೋ ನೋಡಿದ ಹಾಗಿದೆಯಲ್ಲಾ?" ಎಂದರು.

ಇಳಿಯುವಾಗ ಹುಡುಗಿ ತಾನೇ ಎದ್ದು ಬಂದು ಕೈ ಕೊಟ್ಟಳು. "ಅಕ್ಕಾ, ಆಪರೇಷನ್ ಆದ ಕಾಲನ್ನ ಮೊದಲು ಇಳಿಸಿ. ನಮ್ಮಮ್ಮಂಗೂ ಹೀಗೇ ಆಗಿತ್ತು."

ಕೆಟ್ಟವಳಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಪಡಬಹುದಿತ್ತು. ಆ ಸುಖವನ್ನೂ ಅವಳು ಕೊಡಲಿಲ್ಲವಲ್ಲ ಎಂದುಕೊಂಡು ಬ್ರೇಕಮ್ಮ ಮನೆಯವರೆಗೂ ಕುದಿಯುತ್ತ ನಡೆದಳು.

ಕೆಲಸಕ್ಕೆ ಮರಳಿದಾಗ ಮೊದಲು ಅವಳನ್ನು ವಿಚಾರಣೆ ಕಿಟಕಿಯಲ್ಲಿ ಕೂರಿಸಿದರು. ಯಾವ ಬಸ್ಸು ಎಷ್ಟೊತ್ತಿಗೆ ಎಂದು ಜನರಿಗೆ ಹೇಳುವ ಕೆಲಸ. ಕಣ್ಣೆದುರೇ ತನ್ನ ಬಸ್ಸು ಹೋಗುವುದು, ಬರುವುದು. ಬಾಗಿಲಲ್ಲಿ ನಿಂತ ನಾದಿನಿ ಹುಡುಗಿಯ ಯಾವುದೋ ಮಾತಿಗೆ ಬಿದ್ದು ಬಿದ್ದು ನಗುವುದು. ಕೊನೆಗೆ ಡಾಕ್ಟರು ಒಪ್ಪಿದರು, ಅವಳು ಡ್ರೈವಿಂಗ್ ಪರೀಕ್ಷೆಯಲ್ಲೂ ಪಾಸಾದಳು. ಆದರೆ ಕೊಟ್ಟದ್ದು ಬೇರೆ ಬಸ್ಸು, ಬೇರೆ ರೂಟು, ಬೇರೆ ಕಂಡಕ್ಟರು.

ಆ ಸಂಜೆ ಅಡುಗೆಮನೆಯಲ್ಲಿ ಅವಳ ಕಟ್ಟೆ ಒಡೆಯಿತು. "ನಿಂಗೇನಮ್ಮ, ನಿನ್ನ ಉದ್ದ ಕೈಯವಳು ಇದ್ದಾಳಲ್ಲ! ಇನ್ಮೇಲೆ ಅವಳ ಮನೇಗೇ ಹೋಗಿ ಇರು!"

ತರಕಾರಿ ಹೆಚ್ಚುತ್ತಿದ್ದ ನಾದಿನಿ ಚಾಕು ಕೆಳಗಿಟ್ಟಳು. "ಅತ್ತಿಗೆ, ಒಂದು ಮಾತು ಹೇಳ್ಲಾ? ಮೊದಮೊದಲು ನಾನು ಸುಮ್ನೆ ಹೇಳ್ತಿದ್ದೆ. ಆಮೇಲೆ ನೋಡ್ದೆ, ಅವಳ ಸುದ್ದಿ ಎತ್ತಿದ ದಿನ ನೀವು ಹಟಕ್ಕೆ ಬಿದ್ದು ಮಂಡಿ ಮಡಚ್ತಿದ್ರಿ. ಎತ್ತದ ದಿನ ಗೋಡೆ ಕಡೆ ತಿರುಗಿ ಮಲಗ್ತಿದ್ರಿ. ಅದಕ್ಕೇ ಬೇಕಂತ್ಲೇ ದಿನಾ ಹೇಳ್ದೆ."

ಬ್ರೇಕಮ್ಮ ಆಸೆಯಿಂದ ಕೇಳಿದಳು: "ಹಾಗಾದ್ರೆ ಎಲ್ಲಾ ಸುಳ್ಳಾ?"

"ಇಲ್ಲ. ಅವಳು ನಿಜವಾಗ್ಲೂ ಚೆನ್ನಾಗಿ ಓಡಿಸ್ತಾಳೆ."

ಸಮಾಧಾನವೂ ಉರಿಯೂ ಒಟ್ಟಿಗೇ ಆದದ್ದು ಅವಳಿಗೆ ಅದೇ ಮೊದಲು.

ಬ್ರೇಕಮ್ಮನಿಗೆ ಆಡಲು ಅನುಮತಿ ಸಿಗುವ ಹೊತ್ತಿಗೆ ನಾದಿನಿ ಮತ್ತು ಆ ಹುಡುಗಿಯ ಜೋಡಿ ಗಟ್ಟಿಯಾಗಿತ್ತು. "ನನ್ನ ಜೊತೆ ಬನ್ನಿ ಅತ್ತಿಗೆ," ಎಂದು ನಾದಿನಿ ಕರೆದಳು. "ಭಿಕ್ಷೆ ಬೇಡ," ಎಂದು ಬ್ರೇಕಮ್ಮ, ಯಾರೂ ಜೋಡಿಗೆ ಕರೆಯದ ಡಿಪೋದ ದಪ್ಪ ಮೆಕ್ಯಾನಿಕ್‌ನನ್ನು ಸೇರಿಸಿಕೊಂಡು ಅವರ ಎದುರೇ ನಿಂತಳು.

ಆಟ ಅರ್ಧವಾಗುವುದರೊಳಗೆ ಅವಳಿಗೆ ಒಂದು ವಿಷಯ ಹೊಳೆಯಿತು. ಹುಡುಗಿ ಒಂದು ಸಲವೂ ಅವಳ ಎಡಕ್ಕೆ ಹೊಡೆಯುತ್ತಿರಲಿಲ್ಲ. ಎತ್ತಿ ಎತ್ತಿ ಕೈಗೇ ಕೊಡುತ್ತಿದ್ದಳು.

"ಏಯ್! ನಾನೇನು ಗಾಜಿನ ಗೊಂಬೆನಾ? ಎಡಕ್ಕೆ ಹೊಡಿ!"

ಹುಡುಗಿ ನಾದಿನಿಯ ಮುಖ ನೋಡಿದಳು. ನಾದಿನಿ ತಲೆಯಾಡಿಸಿದಳು. ಮುಂದಿನ ಏಟು ಎಡಮೂಲೆಗೆ ಸಿಡಿಲಿನಂತೆ ಬಂತು. ಬ್ರೇಕಮ್ಮ ಯೋಚಿಸಲಿಲ್ಲ, ಎಡಗಾಲು ಚಾಚಿ ಬಗ್ಗಿದಳು. ಮಂಡಿ ಮಡಚಿತು, ಭಾರ ಹೊತ್ತಿತು, ಮತ್ತೆ ನೆಟ್ಟಗಾಯಿತು. ಶಟಲ್ ಮಾತ್ರ ಬಲೆಗೆ ಬಡಿದು ಈಚೆಗೇ ಬಿತ್ತು.

ಅವರು ಸೋತರು, ಅದೂ ಹೀನಾಯವಾಗಿ. ಮೆಕ್ಯಾನಿಕ್ ಏದುಸಿರು ಬಿಡುತ್ತ ನೆಲದ ಮೇಲೆ ಕುಳಿತುಬಿಟ್ಟ.

ನಾದಿನಿ ಓಡಿಬಂದಳು. "ನೋವಾಯ್ತಾ ಅತ್ತಿಗೆ?"

"ಮಂಡಿಗಲ್ಲ," ಎಂದಳು ಬ್ರೇಕಮ್ಮ, ಆಚೆ ನಿಂತು ನೀರು ಕುಡಿಯುತ್ತಿದ್ದ ಹುಡುಗಿಯ ಉದ್ದ ಕೈಗಳನ್ನೇ ನೋಡುತ್ತ. ಆಮೇಲೆ ಮೆಕ್ಯಾನಿಕ್‌ನ ಕಡೆ ತಿರುಗಿ, "ಏಳಪ್ಪಾ, ನಾಳೆ ಬೇಗ ಬಾ. ನಿಂಗೆ ಸರ್ವೀಸ್ ಹೇಳ್ಕೊಡ್ಬೇಕು," ಎಂದಳು.