ಆಂಟಿ ಹಾಡಿದ ಕ್ಯಾಸೆಟ್ಟು

ಸಿ.ಡಿ.ಗಳು ಬಂದ ಮೇಲೂ ಅಂಕಲ್ ಕೆಲವು ವರ್ಷ ಕೊಂಕಣಿ ಹಾಡುಗಳ ಕ್ಯಾಸೆಟ್ಟುಗಳನ್ನೇ ಹೊರತರುತ್ತಿದ್ದರು. ಅವರು ಮಂಗಳೂರಿನ ಕೊಂಕಣಿ ಕ್ಯಾಥೊಲಿಕರು, ತೈಲ ಕಂಪನಿಯಲ್ಲಿ ಇಂಜಿನಿಯರ್. ಕುವೈತಿನ ಅಹ್ಮದಿಯಲ್ಲಿ ಕಂಪನಿ ಕೊಟ್ಟ ಮನೆಯ ಹಿಂದಿನ ಕೋಣೆಯೇ ಸ್ಟುಡಿಯೋ: ಗೋಡೆಗೆಲ್ಲ ಕಂಬಳಿ, ಕಿಟಕಿಗೆ ಆನಿಸಿಟ್ಟ ಹಾಸಿಗೆ. ನಾನು ತುಳು ಮಾತಾಡುವ ಮನೆಯ ಹುಡುಗಿ, ಹತ್ತಿರದ ಆಸ್ಪತ್ರೆಯಲ್ಲಿ ನರ್ಸ್. ಕೊಂಕಣಿ ಅರ್ಧಂಬರ್ಧ ತಿಳಿಯುತ್ತಿದ್ದರೂ ರಜೆಯಿದ್ದ ಶುಕ್ರವಾರ ಅವರ ಕೋರಸ್‌ನಲ್ಲಿ ನಿಲ್ಲುತ್ತಿದ್ದೆ.

ರೆಕಾರ್ಡಿಂಗ್ ಶುರುವಾಯಿತೆಂದರೆ ಎ.ಸಿ. ಬಂದ್, ಅದರ ಸದ್ದು ಟೇಪಿಗೆ ಇಳಿಯಬಾರದು. ಹಾಡು ಮುಗಿಯುವಷ್ಟರಲ್ಲಿ ಸೆಕೆಗೆ ಕಣ್ಣೆದುರಿನ ಎಲ್ಲವೂ ನೀರಿನಡಿಯಲ್ಲಿರುವಂತೆ ತೇಲುತ್ತಿತ್ತು. ನನ್ನ ದನಿ ಯಾವುದು, ಪಕ್ಕದವರದು ಯಾವುದು ಎಂದು ಗೊತ್ತಾಗದ ಸುಖದ ಮಂಪರು ಅದು. ಆಗ ಅಂಕಲ್‌ರ ಹೆಂಡತಿ, ನಮ್ಮ ಆಂಟಿ, ಬಾಗಿಲು ತೆರೆದು ಎ.ಸಿ. ಹಾಕಿ ಲಿಂಬೆ ಶರಬತ್ತು ಕೊಡುತ್ತಿದ್ದರು. ಅವರು ಹಾಡಿದ್ದನ್ನು ನಾವ್ಯಾರೂ ಕೇಳಿರಲಿಲ್ಲ.

ಹಾಡುವವರು ಒಬ್ಬೊಬ್ಬರಾಗಿ ಊರಿಗೆ, ಕೆನಡಾಕ್ಕೆ ಹೋದರು. ಅಂಗಡಿಯವರು ಕ್ಯಾಸೆಟ್ಟಿನ ಪೆಟ್ಟಿಗೆಗಳನ್ನು ಬಿಚ್ಚದೆಯೇ ಹಿಂದಕ್ಕೆ ಕಳಿಸತೊಡಗಿದರು. ಅಂಕಲ್‌ಗೂ ನಿವೃತ್ತಿ ಬಂತು, ಮನೆ ಬಿಡಬೇಕು. "ಇದೊಂದು ಮಾಡಿ ಖಲಾಸ್," ಎಂದರು.

ಆ ಕೊನೆಯ ಶುಕ್ರವಾರ ಬೆಳಗ್ಗೆ ಧೂಳಿನ ಬಿರುಗಾಳಿ ಎದ್ದಿತು. ರಸ್ತೆ ಕಾಣುವುದಿಲ್ಲ, ಬರಲಾಗದು ಎಂದು ಮುಖ್ಯ ಗಾಯಕಿ ಫೋನ್ ಮಾಡಿದರು. ಕೀಬೋರ್ಡಿನವನು ಮರುದಿನವೇ ಕುವೈತ್ ಬಿಡುವವನಿದ್ದ. ಅಂಕಲ್ ತಲೆಗೆ ಕೈಹೊತ್ತು ಕೂತರು.

ಆಂಟಿ ಒಳಗೆ ಬಂದರು. ನಾನಿದ್ದಾಗ ಅವರು ಕನ್ನಡದಲ್ಲೇ ಮಾತಾಡುತ್ತಿದ್ದರು. "ಶ್ರುತಿ ಸ್ವಲ್ಪ ಇಳಿಸ್ಲಿಕ್ಕೆ ಹೇಳಿ. ಪದ ನಾನು ಹೇಳ್ತೇನೆ."

"ನೀನಾ? ನಿಂಗೆ ಬರ್ತದಾ?"

"ಇಷ್ಟು ವರ್ಷ ಬಾಗಿಲ ಹತ್ರ ನಿಂತು ನಾನು ಎಂತ ಮಾಡ್ತಿದ್ದೆ ಅಂತ ಎಣಿಸಿದ್ರಿ?"

ನದಿ ಕಡಲು ಸೇರುವ ಅಳಿವೆಯ ಬಾಯಲ್ಲಿ ನಿಂತು ದೋಣಿಯ ದಾರಿ ಕಾಯುವ ಹೆಂಗಸಿನ ಹಾಡು, ಅಂಕಲ್ ಬರೆದದ್ದು. ಆಂಟಿಯ ದನಿ ತಗ್ಗಿನಲ್ಲಿತ್ತು, ಅಲ್ಲಲ್ಲಿ ಬಿರಿಯುತ್ತಿತ್ತು. ಹಾಸಿಗೆಯ ಸಂದಿಯಿಂದ ಕಿತ್ತಳೆ ಬಣ್ಣದ ಬೆಳಕು ಕೋಣೆಗೆ ಇಳಿದಿತ್ತು. ಗಾಜಿಗೆ ಮರಳು ತಾಗುವ ಸದ್ದು ದೂರದ ತೆರೆಯಂತೆ ಕೇಳುತ್ತಿತ್ತು. ನಾನು ಕುವೈತಿನಲ್ಲಿದ್ದೇನೆ ಎಂಬುದೇ ಮರೆತುಹೋಯಿತು. ಕೋರಸ್ ಎತ್ತಿಕೊಳ್ಳುವುದೂ ಮರೆಯಿತು.

ಹಾಡು ನಿಂತಿತು. ಯಾರೂ ಎದ್ದು ಎ.ಸಿ. ಹಾಕಲಿಲ್ಲ, ಅದು ಆಂಟಿಯ ಕೆಲಸವಾಗಿತ್ತಲ್ಲ.

"ಕೋರಸ್ ಬರ್ಲೇ ಇಲ್ಲ ಅಂಕಲ್. ಇನ್ನೊಂದು ಟೇಕ್ ತಕ್ಕೊಳ್ಳುವನಾ?" ಎಂದು ಕೀಬೋರ್ಡಿನವನು ಕೇಳಿದ.

"ಬೇಡ ಮಾರಾಯ. ಇದೇ ಇರ್ಲಿ," ಎಂದ ಅಂಕಲ್ ತಲೆ ಎತ್ತಲಿಲ್ಲ. ಅವರ ಕನ್ನಡಕ ಮಂಜಾಗಿತ್ತು.

ಕ್ಯಾಸೆಟ್ಟಿನ ಹೊದಿಕೆಗಳು ಊರಿನಿಂದ ಮೊದಲೇ ಅಚ್ಚಾಗಿ ಬಂದಿದ್ದವು, ಮುಖ್ಯ ಗಾಯಕಿಯ ಹೆಸರಿನಲ್ಲಿ. ಅಂಕಲ್ ಹೆಂಡತಿಯ ಹೆಸರನ್ನು ಚೀಟಿಗಳಲ್ಲಿ ಬರೆದು, ಒಂದೊಂದರ ಮೇಲೂ ತಾವೇ ಅಂಟಿಸಿದರು. ಕ್ಯಾಸೆಟ್ಟು ಹೆಚ್ಚೇನೂ ಹೋಗಲಿಲ್ಲ. ಆದರೆ ಈ ಹೊಸ ಹೆಸರಿನ ಗಾಯಕಿ ಯಾರೆಂದು ಕೇಳಿ ಫೋನುಗಳು ಬಂದವು. ಪ್ರತಿ ಸಲವೂ ಅಂಕಲ್ "ನನ್ನ ಹೆಂಡತಿ" ಎನ್ನುವಾಗ ಆಂಟಿ ಅಡುಗೆಮನೆಗೆ ಓಡುತ್ತಿದ್ದರು.

ಮುಂದೊಮ್ಮೆ ರಜೆಯಲ್ಲಿ ಮಂಗಳೂರಿನ ಅವರ ಮನೆಗೆ ಹೋದೆ. ಅಂಕಲ್ ಒಬ್ಬರೇ ಇದ್ದರು.

"ಆಂಟಿ ಇಲ್ವಾ?"

"ಅವಳಿಗೆಲ್ಲಿ ಪುರುಸೊತ್ತು ಮಗಾ! ಯಾರ ಮನೆಯಲ್ಲಿ ಮದುವೆಯಾದ್ರೂ ಮುಂಚಿನ ದಿನ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ಪದ ಹೇಳ್ಲಿಕ್ಕೆ ಅವಳೇ ಬೇಕು. ಕೂತ್ಕೊ, ಈಗ ಬರ್ತಾಳೆ."

ಅವರೇ ಮಾಡಿದ, ಸಕ್ಕರೆ ಜಾಸ್ತಿಯಾದ ಚಹಾ ಕುಡಿಯುತ್ತ ನಾವಿಬ್ಬರೂ ಜಗಲಿಯಲ್ಲಿ ಕೂತೆವು.