ಬೀಗದ ಅಣ್ಣನ ಇಂಗ್ಲಿಷ್ ಕ್ಲಾಸು

ಬೀಗ ರಿಪೇರಿ ಮಾಡುವ ನಮ್ಮಣ್ಣನಿಗೆ ಅನುಮಾನ ಹುಟ್ಟುಗುಣ. ಅಂಗಡಿಗೆ ಬೀಗ ಜಡಿದು ಬೀದಿಯ ತುದಿವರೆಗೆ ಹೋದವನು ವಾಪಸು ಬಂದು ಜಗ್ಗಿ ನೋಡುತ್ತಾನೆ. ತಾನೇ ಸರಿಮಾಡಿದ ಬೀಗವನ್ನೂ ನಂಬುವುದಿಲ್ಲ. ಇಂಥವನ ಹೆಂಡತಿ ಇದ್ದಕ್ಕಿದ್ದಂತೆ ಸಂಜೆಯ ಇಂಗ್ಲಿಷ್ ಕ್ಲಾಸಿಗೆ ಸೇರಿದರೆ ಸುಮ್ಮನಿರುತ್ತಾನೆಯೇ?

ಅತ್ತಿಗೆಯ ಜೊತೆ ನಾನೂ ಸೇರಿದ್ದೆ. "ಯಾಕಂತೆ ಅವಳಿಗೆ ಇಂಗ್ಲಿಷು? ಯಾರ ಹತ್ರ ಮಾತಾಡೋಕೆ?" ಎಂದು ನನ್ನ ತಲೆ ತಿಂದ. ಅತ್ತಿಗೆಯನ್ನು ಮಾತ್ರ ಒಂದು ಮಾತೂ ಕೇಳಲಿಲ್ಲ. ಅವಳು ಸ್ನಾನಕ್ಕೆ ಹೋದಾಗ ಬ್ಯಾಗು ತಡಕಿದ, ಮೊಬೈಲು ಜಾಲಾಡಿದ. ಪಾತ್ರೆ ತೊಳೆಯುತ್ತಾ ಅವಳು "ಇಫ್... ಇಫ್..." ಎಂದು ಗುನುಗಿದರೆ ಬಾಗಿಲ ಸಂದಿಗೆ ಕಿವಿಯಿಟ್ಟ. ಕೊನೆಗೆ ನನ್ನ ಮೇಲೂ ನಂಬಿಕೆಯಿಲ್ಲದೆ, ತಾನೇ ಕ್ಲಾಸಿಗೆ ಸೇರಿ ಹಿಂದಿನ ಬೆಂಚಿನಲ್ಲಿ ಕೂತ. ನನಗೆ ಮೈಯೆಲ್ಲ ಉರಿಯಿತು.

ಆ ವಾರ 'ಇಫ್' ಪಾಠ. "ಇಫ್ ಇರೋ ತುಂಡು ಒಂಟಿಯಾಗಿ ನಿಲ್ಲಲ್ಲ. 'ಹೀಗಾದ್ರೆ' ಅಂತ ಹೇಳಿ ಸುಮ್ಮನಾದ್ರೆ ಕೇಳೋರು ಬಾಯಿ ಬಿಟ್ಕೊಂಡು ಕೂತಿರ್ಬೇಕಾ? ಆಮೇಲೇನು ಅಂತ್ಲೂ ಹೇಳಿ" ಎಂದರು ಮೇಷ್ಟ್ರು. ಅವರದೊಂದು ಪದ್ಧತಿ: ಒಬ್ಬರು ಅರ್ಧ ವಾಕ್ಯ ಹೇಳಬೇಕು, ಮೇಷ್ಟ್ರು ಬೆರಳು ತೋರಿಸಿದವರು ಮುಗಿಸಬೇಕು. ಮುಂದಿನ ಬೆಂಚಿನ ಬೇಕರಿಯವನು ಮಳೆ ಬಂದರೆ ಎಂದ, ನಾನು ಛತ್ರಿ ಹಿಡಿಯುತ್ತೇನೆ ಎಂದೆ.

ಅಣ್ಣನ ಸರದಿ ಬಂತು. ಇದಕ್ಕೇ ಕಾದಿದ್ದವನಂತೆ ಎದ್ದು, ಅತ್ತಿಗೆಯನ್ನೇ ದುರುಗುಟ್ಟಿ ನೋಡುತ್ತಾ, "ಇಫ್ ಮೈ ವೈಫ್ ಹ್ಯಾಸ್ ಎ ಸೀಕ್ರೆಟ್..." ಎಂದ. ಹೆಂಡತಿ ಗುಟ್ಟು ಇಟ್ಟುಕೊಂಡಿದ್ದರೆ! ಅವರಿಬ್ಬರು ಗಂಡಹೆಂಡತಿ ಎಂದು ಮೇಷ್ಟ್ರಿಗೇನು ಗೊತ್ತು? ಬೆರಳು ಅತ್ತಿಗೆಯ ಕಡೆಗೇ ತಿರುಗಿತು.

"ಐ ವಿಲ್ ಆಸ್ಕ್ ಹರ್" ಎಂದಳು ಅತ್ತಿಗೆ. ಅವಳನ್ನೇ ಕೇಳುತ್ತೇನೆ, ಅಷ್ಟೇ. ಮೇಷ್ಟ್ರು ವೆರಿ ಗುಡ್ ಎಂದರು.

ಮನೆಗೆ ಬರುವ ದಾರಿಯಲ್ಲಿ ಅಣ್ಣ ಕೇಳಿಯೇಬಿಟ್ಟ. "ಏನಿದೆ ನಿನ್ನ ಮನಸ್ಸಲ್ಲಿ?"

"ದೂರದ ಆಸ್ಪತ್ರೇಲಿ ಕೆಲಸ ಸಿಕ್ಕಿದೆ, ಇಂಗ್ಲಿಷು ಅದಕ್ಕೇ. ಇರೋಕೆ ರೂಮೂ ಕೊಡ್ತಾರೆ. ಒಬ್ಬಳಿಗೆ."

ಈ ವಿಷಯ ನನಗೂ ಹೇಳಿರಲಿಲ್ಲ.

"ಇಷ್ಟು ದಿನ ಯಾಕೆ ಬಾಯಿ ಬಿಡ್ಲಿಲ್ಲ?"

"ನೀವು ಕೇಳ್ತೀರೇನೋ ಅಂತ ಕಾದೆ. ನನ್ನ ಬ್ಯಾಗನ್ನ ಕೇಳಿದ್ರಿ, ಮೊಬೈಲನ್ನ ಕೇಳಿದ್ರಿ, ತಂಗೀನ ಕೇಳಿದ್ರಿ." ಅತ್ತಿಗೆ ನಿಂತಳು. ದನಿ ಮೆತ್ತಗಾಯಿತು. "ಇನ್ನೂ ಒಪ್ಕೊಂಡಿಲ್ಲ ನಾನು."

ಹೋಗಬೇಡ ಅನ್ನೋ ಮಾರಾಯ, ಅಷ್ಟು ಸಾಕು ಎಂದು ನಾನು ಮನಸ್ಸಿನಲ್ಲೇ ಬೇಡಿಕೊಂಡೆ. ಅಣ್ಣ ಅವಳನ್ನು ಬಿಟ್ಟು ನನ್ನ ಕಡೆ ತಿರುಗಿದ.

"ನಿಂಗೆ ಇದು ಮೊದ್ಲೇ ಗೊತ್ತಿತ್ತು, ಅಲ್ವಾ?"

ಅತ್ತಿಗೆ ಅಲ್ಲೇ ಮೊಬೈಲು ತೆಗೆದು, ಬರುತ್ತೇನೆಂದು ಆಸ್ಪತ್ರೆಯವರಿಗೆ ಹೇಳಿದಳು.